ಕೈರೋದ ಸಿನಗಾಗಿನ ಗೂಡು, ಮಂಗಳೂರಿನ ಬೊಮ್ಮ

ಈಜಿಪ್ಟಿನ ರಾಜಧಾನಿ ಕೈರೋದ ದಕ್ಷಿಣಕ್ಕೆ ಫುಸ್ತಾತ್ ಎಂಬ ಹಳೆಯ ಬಡಾವಣೆಯಿದೆ. ಕೈರೋ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ, 641ರ ಸುಮಾರಿಗೆ, ಅರಬ್ ಸೇನಾಪತಿ ಅಮ್ರ್ ಇಬ್ನ್ ಅಲ್-ಆಸ್ ಕಟ್ಟಿಸಿದ ಊರು ಅದು. ಅದಕ್ಕೂ ಹಿಂದಿನದು ಅಲ್ಲಿರುವ ರೋಮನ್ ಕೋಟೆ. ಆ ಕೋಟೆಯ ಪಾಳುಗೋಡೆಗಳ ಒಳಗೆ, ಇಕ್ಕಟ್ಟಾದ ಓಣಿಗಳಲ್ಲಿ, ಈಜಿಪ್ಟಿನ ಮೂಲ ಕ್ರೈಸ್ತರಾದ ಕಾಪ್ಟರ ಇಗರ್ಜಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಅವುಗಳ ಪಕ್ಕದಲ್ಲೇ ಹೊರಗಿನಿಂದ ನೋಡಿದರೆ ಅಂಥ ವಿಶೇಷವೇನೂ ಕಾಣದ ಒಂದು ಕಟ್ಟಡವಿದೆ. ಅದು ಯೆಹೂದಿಗಳ ಪ್ರಾರ್ಥನಾಮಂದಿರ, ಬೆನ್ ಎಜ್ರಾ ಸಿನಗಾಗ್.

ಈ ಕಟ್ಟಡಕ್ಕೂ ನಮ್ಮ ದಕ್ಷಿಣ ಕನ್ನಡಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ಸಹಜವೇ. ಸಂಬಂಧವಿದೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದವನೊಬ್ಬನ ಲೆಕ್ಕಪತ್ರ, ಅವನ ಹೆಂಡತಿಯ ಹೆಸರು, ಅವನ ಆಳಿನ ಹೆಸರು ಇಂದು ಜಗತ್ತಿಗೆ ತಿಳಿದಿದ್ದರೆ ಅದಕ್ಕೆ ಈ ಸಿನಗಾಗಿನ ಅಟ್ಟದ ಮೇಲಿದ್ದ ಒಂದು ಕತ್ತಲೆ ಕೋಣೆಯೇ ಕಾರಣ. ಮಂಗಳೂರಿನಲ್ಲಿ ಆ ಮನುಷ್ಯನ ಒಂದು ಗುರುತೂ ಉಳಿದಿಲ್ಲ.

ಮೊದಲು ಸಿನಗಾಗಿನ ಕಥೆ. ಹಳೆಯ ದೇವಾಲಯಗಳಿಗೆಲ್ಲ ಸ್ಥಳಪುರಾಣ ಇರುವಂತೆ ಇದಕ್ಕೂ ಇದೆ. ಅದೂ ಒಂದಲ್ಲ, ನಾಲ್ಕೈದು. ಎಲ್ಲಕ್ಕಿಂತ ಹೆಚ್ಚು ಪ್ರಚಾರದಲ್ಲಿರುವುದು ಮೋಶೆಯದು. ಯೆಹೂದಿಗಳಿಗೆ ಹುಟ್ಟುವ ಗಂಡುಮಕ್ಕಳನ್ನೆಲ್ಲ ಕೊಲ್ಲಬೇಕೆಂದು ಈಜಿಪ್ಟಿನ ದೊರೆ ಫರೋಹ ಆಜ್ಞೆ ಮಾಡಿದಾಗ ತಾಯಿಯೊಬ್ಬಳು ತನ್ನ ಕೂಸನ್ನು ಆಪಿನ ಬುಟ್ಟಿಯಲ್ಲಿಟ್ಟು ನೈಲ್ ನದಿಯ ಜೊಂಡಿನ ನಡುವೆ ಬಿಟ್ಟಳು. ಸ್ನಾನಕ್ಕೆ ಬಂದ ರಾಜಕುಮಾರಿ ಆ ಕೂಸನ್ನು ಎತ್ತಿಕೊಂಡು ಸಾಕಿದಳು ಎಂಬುದು ಬೈಬಲಿನ ಕಥೆ. ಕುಂತಿ ಪೆಟ್ಟಿಗೆಯಲ್ಲಿಟ್ಟು ತೇಲಿಬಿಟ್ಟ ಕರ್ಣನನ್ನು ಬಲ್ಲ ನಮಗೆ ಇದು ತೀರ ಅಪರಿಚಿತವೇನಲ್ಲ. ಆ ಬುಟ್ಟಿ ಸಿಕ್ಕಿದ ಜಾಗವೇ ಇದು ಎಂದು ಇಲ್ಲಿನ ಮಾರ್ಗದರ್ಶಿಗಳು ಇಂದಿಗೂ ತೋರಿಸುತ್ತಾರೆ. ನದಿ ಈಗ ಸಾಕಷ್ಟು ದೂರ ಹರಿಯುತ್ತಿದೆಯಲ್ಲ ಎಂದು ಪ್ರವಾಸಿಗರು ಅನುಮಾನಿಸಬಹುದು. ಆದರೆ ನೈಲ್ ನದಿ ಶತಮಾನಗಳಿಂದ ಪಶ್ಚಿಮಕ್ಕೆ ಸರಿಯುತ್ತ ಬಂದಿದೆ. ಹಿಂದೆ ಅದು ಕೋಟೆಯ ಗೋಡೆಗೆ ತಾಗಿಕೊಂಡೇ ಹರಿಯುತ್ತಿತ್ತು. ಪುರಾಣ ಕಟ್ಟಿದವರಿಗೆ ಭೂಗೋಳವೂ ಸ್ವಲ್ಪ ಗೊತ್ತಿತ್ತು ಎನ್ನಬೇಕು.

ಜೆರೂಸಲೇಮ್ ಹಾಳಾದ ಮೇಲೆ ಈಜಿಪ್ಟಿಗೆ ಬಂದ ಪ್ರವಾದಿ ಯೆರೆಮೀಯ ಇಲ್ಲಿ ಪ್ರಾರ್ಥಿಸಿದನೆಂದೂ, ಪ್ರವಾದಿ ಎಲೀಯ ಭಕ್ತರಿಗೆ ಇಲ್ಲಿನ ಒಂದು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತಿದ್ದನೆಂದೂ ನಂಬಿಕೆಗಳಿವೆ. ಆದರೆ ಹಳೆಯ ಯಾತ್ರಿಕರನ್ನು ಹೆಚ್ಚು ಸೆಳೆದದ್ದು ಎಜ್ರನ ಗ್ರಂಥ. ಬ್ಯಾಬಿಲೋನಿನ ಸೆರೆಯಿಂದ ಮರಳಿದ ಯೆಹೂದಿಗಳಿಗೆ ಧರ್ಮಶಾಸ್ತ್ರವನ್ನು ಮತ್ತೆ ಓದಿ ಹೇಳಿದ ಲಿಪಿಕಾರ ಎಜ್ರ. ಅವನು ಸ್ವಹಸ್ತದಿಂದ ಬರೆದ ತೋರಾ ಸುರುಳಿ ಈ ಮಂದಿರದಲ್ಲಿತ್ತಂತೆ. 1488ರಲ್ಲಿ ಜೆರೂಸಲೇಮಿಗೆ ಹೋಗುವ ದಾರಿಯಲ್ಲಿ ಇಲ್ಲಿಗೆ ಬಂದಿದ್ದ ಇಟಲಿಯ ರಬ್ಬಿ ಒಬೇಡಿಯಾ ತನ್ನ ತಂದೆಗೆ ಬರೆದ ಪತ್ರದಲ್ಲಿ ಆ ಗ್ರಂಥದ ಗತಿಯನ್ನು ಹೇಳಿದ್ದಾನೆ. ಬಹಳ ಹಿಂದೆ ಪಶ್ಚಿಮದ ಕಡೆಯಿಂದ ಬಂದ ಒಬ್ಬ ಯೆಹೂದಿ ಮಂದಿರದ ಕಾವಲುಗಾರನಿಗೆ ನೂರು ಚಿನ್ನದ ನಾಣ್ಯ ಕೊಟ್ಟು ಸುರುಳಿಯನ್ನು ಗುಟ್ಟಾಗಿ ಕೊಂಡುಕೊಂಡನಂತೆ. ಅವನು ಹತ್ತಿದ ಹಡಗು ಅಲೆಕ್ಸಾಂಡ್ರಿಯಾದ ಬಳಿ ಮುಳುಗಿ ಗ್ರಂಥವೂ ಅವನೂ ಸಮುದ್ರದ ಪಾಲಾದರಂತೆ. ಕಾವಲುಗಾರನಿಗೂ ಒಳ್ಳೆಯದಾಗಲಿಲ್ಲ. ಒಬೇಡಿಯಾ ಬಂದಾಗ ಖಾಲಿ ಪೆಟ್ಟಿಗೆ ಮಾತ್ರ ಉಳಿದಿತ್ತು. ಅದರ ಮುಂದೆ ದೀಪ ಉರಿಯುತ್ತಲೇ ಇತ್ತು.

ಇಲ್ಲಿಂದ ಏನನ್ನಾದರೂ ಒಯ್ದವನು ಉದ್ಧಾರವಾಗುವುದಿಲ್ಲ ಎಂಬ ಈ ಕಥೆಯ ಎಳೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಪುರಾಣದಿಂದ ಚರಿತ್ರೆಗೆ ಇಳಿದರೆ ಅಲ್ಲಿಯೂ ಒಂದು ತೊಡಕು. 882ರ ಸುಮಾರಿಗೆ ಈಜಿಪ್ಟಿನ ಅಧಿಪತಿ ಅಹಮದ್ ಇಬ್ನ್ ತುಲೂನ್ ಕಾಪ್ಟಿಕ್ ಧರ್ಮಗುರುವಿನ ಮೇಲೆ 20,000 ದಿನಾರ್ ದಂಡ ಹೇರಿದ. ಹಣ ಹೊಂದಿಸಲಾಗದ ಧರ್ಮಗುರು ಇಗರ್ಜಿಯೊಂದನ್ನು ಯೆಹೂದಿಗಳಿಗೆ ಮಾರಿದ. ಅದೇ ಈ ಸಿನಗಾಗ್ ಎಂದು ಬಹುಕಾಲ ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. ಮಾರಾಟ ನಡೆದದ್ದೇನೋ ಹಳೆಯ ಬರಹಗಳಲ್ಲಿದೆ. ಆದರೆ ಕೊಂಡವರು ಇವರಲ್ಲ, ಊರಿನ ಇನ್ನೊಂದು ಯೆಹೂದಿ ಸಭೆಯವರಿರಬೇಕು ಎಂಬುದು ಈಚಿನ ವಿದ್ವಾಂಸರ ಅಭಿಪ್ರಾಯ. ಏಕೆಂದರೆ ಫುಸ್ತಾತಿನಲ್ಲಿ ಎರಡು ಸಭೆಗಳಿದ್ದವು. ಒಂದು ಇರಾಕಿನ ಕಡೆಯವರದು, ಇನ್ನೊಂದು ಪ್ಯಾಲೆಸ್ಟೈನಿನ ಕಡೆಯವರದು. ಬೆನ್ ಎಜ್ರಾ ಎರಡನೆಯವರಿಗೆ ಸೇರಿದ್ದು. ಇರಾಕಿನವರು ತೋರಾವನ್ನು ಒಂದು ವರ್ಷದಲ್ಲಿ ಓದಿ ಮುಗಿಸಿದರೆ ಪ್ಯಾಲೆಸ್ಟೈನಿನವರು ನಿಧಾನವಾಗಿ ಮೂರು ವರ್ಷ ಓದುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಸ್ಪೇನಿನ ಪ್ರವಾಸಿ, ತುದೇಲಾದ ಬೆಂಜಮಿನ್, ಈ ವ್ಯತ್ಯಾಸವನ್ನು ದಾಖಲಿಸಿ, ಹಬ್ಬದ ದಿನ ಮಾತ್ರ ಎರಡೂ ಕಡೆಯವರು ಒಟ್ಟಿಗೆ ಪ್ರಾರ್ಥಿಸುತ್ತಾರೆ ಎಂದು ಬರೆದಿದ್ದಾನೆ.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಖಲೀಫ ಅಲ್-ಹಾಕಿಮ್ ಇಗರ್ಜಿ, ಸಿನಗಾಗುಗಳನ್ನೆಲ್ಲ ಕೆಡವಿಸಿದಾಗ ಇದೂ ನೆಲಸಮವಾಯಿತು. ಅವನ ನಂತರ ಬಂದ ಮಗನ ಕಾಲದಲ್ಲಿ ಪುನಃ ಕಟ್ಟಲು ಅನುಮತಿ ದೊರೆಯಿತು. 1168ರಲ್ಲಿ ಕ್ರುಸೇಡರ ಸೈನ್ಯ ಬಾಗಿಲಿಗೆ ಬಂದಾಗ ಊರು ಶತ್ರುವಿನ ಕೈಗೆ ಸಿಗಬಾರದೆಂದು ವಜೀರ ಶಾವರ್ ಫುಸ್ತಾತಿಗೇ ಬೆಂಕಿ ಇಡಿಸಿದ. ಸಿನಗಾಗ್ ಉಳಿದುಕೊಂಡಿತು. ಜನ ಮಾತ್ರ ಕ್ರಮೇಣ ಹೊಸ ಕೈರೋದ ಕಡೆಗೆ ಸರಿದರು.

ಇನ್ನು ಆ ಕೋಣೆಯ ವಿಚಾರ. ಯೆಹೂದಿಗಳಲ್ಲಿ ದೇವರ ಹೆಸರು ಬರೆದ ಕಾಗದವನ್ನು ಹರಿಯುವಂತಿಲ್ಲ, ಸುಡುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಹಳತಾದ ಗ್ರಂಥಗಳನ್ನು ಒಂದು ಕಡೆ ಕೂಡಿಹಾಕಿ, ಆಮೇಲೆ ಮನುಷ್ಯರನ್ನು ಹೂಳುವಂತೆ ಮರ್ಯಾದೆಯಿಂದ ಹೂಳಬೇಕು. ಹಾಗೆ ಕೂಡಿಹಾಕುವ ಜಾಗಕ್ಕೆ ಗೆನಿಜಾ ಎಂದು ಹೆಸರು. (ಭಂಡಾರ ಎಂಬರ್ಥದ ಪರ್ಷಿಯದ ‘ಗಂಜ್’ ಇದರ ನೆಂಟ ಪದ, ರಾಯಚೂರು, ಕಲಬುರ್ಗಿಯ ರೈತರು ಧಾನ್ಯ ಮಾರಲು ಹೋಗುವ ‘ಗಂಜ್’ ಕೂಡ ಅದೇ.) ಅಕ್ಷರದ ಮೇಲಿನ ಈ ಭಕ್ತಿ ನಮಗೆ ಹೊಸದಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವುದನ್ನು ಬಾಲ್ಯದಲ್ಲಿ ಕಲಿತವರು, ಹಳೆಯ ತಾಳೆಗರಿ ಕಟ್ಟುಗಳನ್ನು ಹೊಳೆಗೆ ಬಿಡುತ್ತಿದ್ದುದನ್ನು ಕೇಳಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ.

ಫುಸ್ತಾತಿನವರು ಈ ನಿಯಮವನ್ನು ಪಾಲಿಸಿದ ರೀತಿಯಲ್ಲಿ ಎರಡು ವಿಚಿತ್ರಗಳಿದ್ದವು. ಒಂದು, ಅವರು ಕೂಡಿಟ್ಟದ್ದನ್ನು ಹೂಳುವ ಗೋಜಿಗೆ ಹೋಗಲಿಲ್ಲ. ಹೆಂಗಸರು ಕುಳಿತುಕೊಳ್ಳುವ ಮೇಲಂತಸ್ತಿನ ಕೊನೆಯಲ್ಲಿ, ಬಾಗಿಲೂ ಇಲ್ಲದ ಕಿಟಕಿಯೂ ಇಲ್ಲದ ಒಂದು ಕೋಣೆ. ಏಣಿ ಹತ್ತಿ, ಗೋಡೆಯ ಮೇಲ್ಭಾಗದ ಕಂಡಿಯಿಂದ ಕಾಗದಗಳನ್ನು ಒಳಕ್ಕೆ ಹಾಕುವುದು. ಹೀಗೆ ಎಂಟುನೂರು ವರ್ಷಕ್ಕೂ ಮಿಕ್ಕಿ ಹಾಕುತ್ತಲೇ ಬಂದರು. ಇನ್ನೊಂದು, ಅವರು ಧರ್ಮಗ್ರಂಥಗಳನ್ನು ಮಾತ್ರ ಹಾಕಲಿಲ್ಲ. ಆ ಕಾಲದ ಯೆಹೂದಿಗಳು ಮಾತನಾಡುತ್ತಿದ್ದುದು ಅರಬ್ಬಿ, ಅದನ್ನು ಬರೆಯುತ್ತಿದ್ದುದು ಬಹುಮಟ್ಟಿಗೆ ಹೀಬ್ರೂ ಲಿಪಿಯಲ್ಲಿ. ವ್ಯಾಪಾರದ ಪತ್ರವೂ ದೇವರ ಸ್ಮರಣೆಯಿಂದಲೇ ಶುರುವಾಗುತ್ತಿತ್ತು. ಯಾವುದರಲ್ಲಿ ದೇವರ ಹೆಸರಿದೆ, ಯಾವುದರಲ್ಲಿಲ್ಲ ಎಂದು ಯಾರು ನೋಡುತ್ತ ಕೂರುತ್ತಾರೆ? ಪವಿತ್ರ ಲಿಪಿ ಕಂಡರೆ ಸಾಕು, ಗೂಡಿಗೆ ಹಾಕುವುದು. ಹೀಗಾಗಿ ಮದುವೆಯ ಕರಾರು, ಸೋಡಚೀಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ಸಾಲದ ಪತ್ರ, ಅಂಗಡಿಯ ಚೀಟಿ, ಭಿಕ್ಷೆ ಬೇಡಿ ಬರೆದ ಅರ್ಜಿ ಎಲ್ಲವೂ ಬೈಬಲಿನ ಪುಟಗಳ ಜೊತೆ ಒಂದೇ ರಾಶಿಯಾದವು. ಈಜಿಪ್ಟಿನಲ್ಲಿ ಮಳೆ ಎಂಬುದೇ ಅಪರೂಪ. ನಮ್ಮ ಕರಾವಳಿಯ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಮುದ್ದೆಯಾಗುತ್ತಿದ್ದ ಕಾಗದಗಳು ಅಲ್ಲಿ ಬರಿಯ ಧೂಳು ಕುಡಿದುಕೊಂಡು ಉಳಿದವು.

ಕೋಣೆಯ ಸುದ್ದಿ ಹೊರಗಿನವರಿಗೆ ಗೊತ್ತಿರಲಿಲ್ಲವೆಂದಲ್ಲ. ಕಂಡಿಯ ಬಾಯಲ್ಲಿ ವಿಷಸರ್ಪ ಕಾವಲಿದೆ, ಒಂದು ಹಾಳೆ ಮುಟ್ಟಿದರೂ ಆ ವರ್ಷ ದಾಟುವುದಿಲ್ಲ ಎಂಬ ಹೆದರಿಕೆ ಅವರನ್ನು ದೂರ ಇಟ್ಟಿತ್ತು. ನಿಧಿ ಇದ್ದಲ್ಲಿ ಹಾವು ಇರಲೇಬೇಕಲ್ಲ! 1864ರಲ್ಲಿ ಜೆರೂಸಲೇಮಿನ ಯಾತ್ರಿಕ ಯಾಕೋಬ್ ಸಫೀರ್ ಪಾರುಪತ್ಯಗಾರರನ್ನು ಒಪ್ಪಿಸಿ ಒಳಗಿಳಿದ. ಎರಡು ದಿನ ಧೂಳು ಕೆದಕಿ, ಬೇಸತ್ತು ಹೊರಬಂದ. ಹಾವು ಕಚ್ಚಲಿಲ್ಲ, ಆದರೆ ಕಾಲಡಿಯಲ್ಲಿ ಏನಿತ್ತೆಂಬುದು ಅವನಿಗೂ ಹೊಳೆಯಲಿಲ್ಲ.

1889ರಿಂದ 1892ರವರೆಗೆ ಹಳೆಯ ಕಟ್ಟಡವನ್ನು ಕೆಡವಿ ಅದೇ ಮಾದರಿಯಲ್ಲಿ ಹೊಸದನ್ನು ಕಟ್ಟಲಾಯಿತು. ಇಂದು ಪ್ರವಾಸಿಗರು ನೋಡುವುದು ಇದನ್ನೇ. ಕೆಲಸ ನಡೆಯುವಾಗ ಗೂಡಿನ ರಾಶಿ ಬಯಲಿನಲ್ಲಿ ಬಿದ್ದಿತ್ತು, ಆಮೇಲೆ ಮತ್ತೆ ಗೂಡು ಸೇರಿತು. ಈ ನಡುವೆ ಅದರ ಹಾಳೆಗಳು ಕೈರೋದ ಹಳೆಸಾಮಾನಿನ ವ್ಯಾಪಾರಿಗಳ ಕೈ ಸೇರಿ ಯೂರೋಪಿನ ಪ್ರವಾಸಿಗರಿಗೆ ಮಾರಾಟವಾಗತೊಡಗಿದವು. (ಕಟ್ಟಡದ ಮರಮುಟ್ಟಿಗೂ ಇದೇ ಗತಿಯಾಯಿತು. ಹನ್ನೊಂದನೆಯ ಶತಮಾನದ್ದೆನ್ನಲಾದ ಕೆತ್ತನೆಯ ಬಾಗಿಲ ಹಲಗೆಯೊಂದು ಒಂದು ಶತಮಾನದ ನಂತರ ಅಮೆರಿಕದ ಫ್ಲಾರಿಡಾದಲ್ಲಿ ಯಾರದೋ ಮನೆಸಾಮಾನಿನ ಮಾರಾಟದಲ್ಲಿ ನಲವತ್ತು ಡಾಲರಿಗೂ ಕಡಿಮೆ ಬೆಲೆಗೆ ಹೋಗಿ, ಕಡೆಗೆ ವಸ್ತುಸಂಗ್ರಹಾಲಯ ಸೇರಿತು.)

ಹಾಗೆ ಹಾಳೆ ಕೊಂಡವರಲ್ಲಿ ಅವಳಿ ಸೋದರಿಯರಿಬ್ಬರಿದ್ದರು, ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್. ಸ್ಕಾಟ್ಲೆಂಡಿನವರು, ಇಬ್ಬರೂ ವಿಧವೆಯರು, ಹತ್ತಾರು ಭಾಷೆ ಬಲ್ಲವರು. 1892ರಲ್ಲಿ ಒಂಟೆಯ ಮೇಲೆ ಸಿನಾಯ್ ಪರ್ವತದ ಮಠಕ್ಕೆ ಹೋಗಿ ಸಿರಿಯಾಕ್ ಭಾಷೆಯ ಪ್ರಾಚೀನ ಸುವಾರ್ತೆಗಳನ್ನು ಪತ್ತೆಹಚ್ಚಿ ಹೆಸರಾದವರು. ಅವರು ನೆಲೆಸಿದ್ದ ಕೇಂಬ್ರಿಜ್‌ನಲ್ಲಿ ಆಗ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ. 1896ರ ಮೇ ತಿಂಗಳಲ್ಲಿ ಅವರು ತಂದಿದ್ದ ಒಂದು ಹರಕು ಹಾಳೆಯನ್ನು ವಿಶ್ವವಿದ್ಯಾನಿಲಯದ ತಾಲ್ಮುದ್ ಪಂಡಿತ ಸಾಲೊಮನ್ ಶೆಕ್ಟರ್ ಕೈಗೆತ್ತಿಕೊಂಡು ನೋಡಿದ. ಬೆನ್ ಸೀರನೆಂಬ ಜ್ಞಾನಿಯ ಗ್ರಂಥದ ಹೀಬ್ರೂ ಮೂಲ ಅದು! ಕ್ರಿಸ್ತಪೂರ್ವ ಎರಡನೆಯ ಶತಮಾನದ ಆ ಗ್ರಂಥ ಗ್ರೀಕ್ ಮೊದಲಾದ ಅನುವಾದಗಳಲ್ಲಿ ಉಳಿದಿತ್ತೇ ಹೊರತು ಮೂಲವನ್ನು ಸುಮಾರು ಸಾವಿರ ವರ್ಷದಿಂದ ಯಾರೂ ಕಂಡಿರಲಿಲ್ಲ. ಹಾಳೆಯ ಮೂಲ ಎಲ್ಲಿ ಎಂದು ಶೆಕ್ಟರ್ ಲೆಕ್ಕ ಹಾಕಿದ. ಅದೇ ವರ್ಷದ ಕೊನೆಗೆ, ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥ ಚಾರ್ಲ್ಸ್ ಟೇಲರ್ ಕೊಟ್ಟ ಹಣದಿಂದ, ಕೈರೋಗೆ ಹೊರಟ.

ಅಲ್ಲಿನ ಮುಖ್ಯ ರಬ್ಬಿ ಆರನ್ ರಫಾಯಲ್ ಬೆನ್ ಶಿಮೋನ್ ಅವನಿಗೆ ಗೂಡನ್ನು ತೋರಿಸಿ, ಬೇಕಾದ್ದನ್ನು ಒಯ್ಯಲು ಒಪ್ಪಿಗೆ ಕೊಟ್ಟರು. ಶೆಕ್ಟರಿಗೆ ಬೇಕಾದದ್ದು ಹೆಚ್ಚುಕಡಿಮೆ ಎಲ್ಲವೂ. ವಾರಗಟ್ಟಲೆ ಶತಮಾನಗಳ ಧೂಳಿನಲ್ಲಿ ನಿಂತು ಅವನು ಆರಿಸಿದ. ಕಣ್ಣು, ಗಂಟಲು ಕೆಟ್ಟವು. ಕೆಲಸಗಾರರಿಗೂ ಕಾವಲಿನವರಿಗೂ ದಿನವೂ ಬಕ್ಷೀಸು ಕೊಡಬೇಕಾಗಿ ಬಂದು ಜೇಬು ಹಗುರವಾಯಿತು. 1,93,000 ತುಣುಕುಗಳು ಪೆಟ್ಟಿಗೆಗಳಲ್ಲಿ ತುಂಬಿ ಕೇಂಬ್ರಿಜ್‌ಗೆ ಹೋದವು. 1898ರಲ್ಲಿ ಟೇಲರ್ ಮತ್ತು ಶೆಕ್ಟರ್ ಅದನ್ನು ವಿಶ್ವವಿದ್ಯಾನಿಲಯಕ್ಕೆ ದಾನ ಮಾಡಿದರು. ಉಳಿದದ್ದು ಆಕ್ಸ್‌ಫರ್ಡ್, ಸೇಂಟ್ ಪೀಟರ್ಸ್‌ಬರ್ಗ್, ನ್ಯೂಯಾರ್ಕ್, ಫಿಲಡೆಲ್ಫಿಯಾ ಎಂದು ದಿಕ್ಕುದಿಕ್ಕಿಗೆ ಚದುರಿತು. ಆಗ ಈಜಿಪ್ಟ್ ಬ್ರಿಟಿಷ್ ಸೇನೆಯ ಹಿಡಿತದಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ. ಒಂದು ಊರಿನ ಒಂಬೈನೂರು ವರ್ಷದ ನೆನಪು ಆ ಊರಿನಲ್ಲಿ ಒಂದು ಹಾಳೆಯೂ ಉಳಿಯದಂತೆ ಹೊರಟುಹೋಯಿತು. ಅದನ್ನು ತಡೆಯಬೇಕೆಂದು ಅಲ್ಲಿ ಯಾರಿಗೂ ತೋರಲಿಲ್ಲ. ಕೇಂಬ್ರಿಜ್‌ಗೆ ಹೋಗದಿದ್ದರೆ ಬಿಡಿಬಿಡಿಯಾಗಿ ಸಂತೆಗೆ ಹೋಗುತ್ತಿತ್ತು ಎಂಬುದೂ ಅಷ್ಟೇ ನಿಜ.

ಶೆಕ್ಟರಿಗೆ ಬೇಕಿದ್ದುದು ಗ್ರಂಥಗಳು. ವ್ಯಾಪಾರಿಗಳ ಚೀಟಿಚಪಾಟಿಗಳು ಪೆಟ್ಟಿಗೆಗಳಲ್ಲಿ ಹಾಗೆಯೇ ಉಳಿದವು, ಅದೂ ಅರ್ಧ ಶತಮಾನ ಕಾಲ. ಅವುಗಳ ಬೆಲೆ ಕಂಡವನು ಎಸ್. ಡಿ. ಗೊಯ್ಟೀನ್. ಜರ್ಮನಿಯಲ್ಲಿ 1900ರಲ್ಲಿ ಹುಟ್ಟಿದ ಅರಬ್ಬಿ ವಿದ್ವಾಂಸ. ಜೆರೂಸಲೇಮಿನಲ್ಲಿ, ಆಮೇಲೆ ಅಮೆರಿಕದಲ್ಲಿ ಕೆಲಸ ಮಾಡಿದವನು. ಆಳರಸರ ಚರಿತ್ರೆ ಬಿಟ್ಟು ನೇಕಾರ, ದಲ್ಲಾಳಿ, ವಿಧವೆ, ಶಾಲಾಮಾಸ್ತರರ ಬದುಕನ್ನು ಈ ಚೀಟಿಗಳಿಂದ ಹೆಕ್ಕಿ ತೆಗೆದು ಐದು ದಪ್ಪ ಸಂಪುಟಗಳಲ್ಲಿ ಬರೆದ. ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನೇ ಬೇರೆಯಾಗಿ ಕೂಡಿಸುತ್ತ ಬಂದು, ಆ ಕೆಲಸ ಮುಗಿಯುವ ಮುನ್ನವೇ 1985ರಲ್ಲಿ ತೀರಿಕೊಂಡ. ಅದನ್ನು ಪೂರ್ತಿ ಮಾಡಿದವನು ಅವನ ಶಿಷ್ಯ ಫ್ರೀಡ್‌ಮನ್. ಪುಸ್ತಕ ಹೊರಬಂದದ್ದು 2008ರಲ್ಲಿ.

ಭಾರತ ಎಂಬ ಮಾತು ಈ ಕಾಗದಗಳಲ್ಲಿ ಮೆಣಸಿನ ವಾಸನೆಯ ಜೊತೆಗೆ ಸಾವಿನ ಭಯವನ್ನೂ ಹೊತ್ತು ಬರುತ್ತದೆ. ಮಧ್ಯಯುಗದ ಯೆಹೂದಿ ತತ್ವಜ್ಞಾನಿಗಳಲ್ಲಿ ಅಗ್ರಗಣ್ಯನಾದ ಮೈಮೊನಿಡೀಸ್ ಫುಸ್ತಾತಿನಲ್ಲೇ ವೈದ್ಯನಾಗಿದ್ದು 1204ರಲ್ಲಿ ತೀರಿಕೊಂಡವನು. ಸಂಸಾರದ ಭಾರ ಹೊತ್ತವನು ಅವನ ತಮ್ಮ ದಾವೀದ್, ರತ್ನದ ವ್ಯಾಪಾರಿ. ಕೆಂಪು ಸಮುದ್ರದ ತೀರದ ಐಧಾಬ್ ರೇವಿನಿಂದ ದಾವೀದ್ ಅಣ್ಣನಿಗೆ ಬರೆದ ಪತ್ರ ಗೂಡಿನಲ್ಲಿ ಸಿಕ್ಕಿದೆ: ಮರುಭೂಮಿಯನ್ನು ಹೇಗೋ ದಾಟಿ ಬಂದೆ, ಇಲ್ಲಿ ಕೊಳ್ಳುವಂಥದ್ದೇನೂ ಇಲ್ಲ, ಆದ್ದರಿಂದ ಹಡಗು ಹತ್ತಿ ಭಾರತಕ್ಕೆ ಹೋಗುತ್ತೇನೆ ಎಂಬುದು ಅದರ ಸಾರ. ಆ ಪಯಣದಲ್ಲಿ ಅವನು ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಸುದ್ದಿ ತಿಳಿದ ಮೈಮೊನಿಡೀಸ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದ.

ದಡ ಮುಟ್ಟಿದವರಲ್ಲಿ ಒಬ್ಬ ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಸಿಯದ ಮಹ್ದಿಯಾ ಎಂಬ ಊರಿನವನು. ಏಡನ್ನಿಗೆ ಬಂದು, ಅಲ್ಲಿನ ವರ್ತಕರ ಮುಖಂಡ ಮದ್ಮೂನ್ ಇಬ್ನ್ ಹಸನ್‌ನ ಆಶ್ರಯ ಪಡೆದು, 1132ರ ವೇಳೆಗೆ ಮಂಗಳೂರಿನಲ್ಲಿದ್ದ. ಅವನ ಕಾಗದಗಳಲ್ಲಿ ಊರಿನ ಹೆಸರು ‘ಮಂಜರೂರ್’. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು; ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ಕಾಲ; ಬಸವಣ್ಣನವರು ಇನ್ನೂ ಹಸುಗೂಸು ಅಥವಾ ಬಾಲಕ. ಸುಮಾರು ಹದಿನೇಳು ವರ್ಷ ಅವನು ಈ ಕಡೆ ಬಾಳಿದ. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇಲ್ಲಿಂದ ಏಡನ್ನಿಗೆ. ಏಡನ್ನಿನಿಂದ ತಾಮ್ರ, ಒಡೆದ ಹಳೆಯ ಪಾತ್ರೆ ಇಲ್ಲಿಗೆ. ಅವುಗಳನ್ನು ಕರಗಿಸಿ ಹೊಸ ಪಾತ್ರೆ, ದೀಪ ಎರಕ ಹೊಯ್ಯಲು ಅವನು ಸ್ಥಳೀಯ ಕಂಚುಗಾರರನ್ನು ಇಟ್ಟುಕೊಂಡಿದ್ದ. ಇಂಥ ಅಳತೆಯದು ಬೇಕು, ಇಷ್ಟು ತೂಕದ್ದು ಬೇಕು ಎಂದು ಗಿರಾಕಿಗಳು ಬರೆದ ಪತ್ರಗಳಿವೆ. ಏಲಕ್ಕಿಗೆಂದು ಮುಂಗಡ ತೆಗೆದುಕೊಂಡ ಇಲ್ಲಿನ ದಲ್ಲಾಳಿಯೊಬ್ಬ ಮಾಲು ಕೊಡದೆ ಸತಾಯಿಸಿದ ಪ್ರಕರಣವಂತೂ ಪತ್ರದಿಂದ ಪತ್ರಕ್ಕೆ ಬೆಳೆಯುತ್ತದೆ. ಏಡನ್ನಿನ ಪಾಲುದಾರರು ಬೆನ್ ಯಿಜುವಿನ ಮೇಲೇ ಸಿಟ್ಟಾಗುತ್ತಾರೆ.

ಸ್ನೇಹಿತರು ಅವನಿಗೆ ಸಕ್ಕರೆ, ಒಣದ್ರಾಕ್ಷಿಯ ಜೊತೆ ತಪ್ಪದೆ ಕಳಿಸುತ್ತಿದ್ದ ಇನ್ನೊಂದು ವಸ್ತು ಕಾಗದ. ತಾಳೆಗರಿಯ ನಾಡಿನಲ್ಲಿ ಅದು ಸಿಗುತ್ತಿರಲಿಲ್ಲ. ಆದ್ದರಿಂದ ಬೆನ್ ಯಿಜು ಬಂದ ಪತ್ರಗಳ ಹಿಂಬದಿಯಲ್ಲೇ ಲೆಕ್ಕ ಬರೆಯುತ್ತಿದ್ದ. ಅವನ ಜಿಪುಣತನ ಚರಿತ್ರಕಾರರಿಗೆ ಲಾಭವಾಯಿತು.

1132ರ ಅಕ್ಟೋಬರ್ 17ರಂದು ಅವನು ಮಂಗಳೂರಿನಲ್ಲಿ ಒಂದು ಪತ್ರ ಬರೆದ. ಅಶು ಎಂಬ ತನ್ನ ದಾಸಿಯನ್ನು ಬಂಧನದಿಂದ ಬಿಡುಗಡೆ ಮಾಡಿದ ಪತ್ರ. ಅವಳಿಗೆ ಬೆರಾಖಾ, ಎಂದರೆ ಆಶೀರ್ವಾದ, ಎಂದು ಯೆಹೂದಿ ಹೆಸರಿಟ್ಟ. ಅವನು ಮದುವೆಯಾದದ್ದು, ಅವನ ಮಕ್ಕಳ ತಾಯಿ ಇವಳೇ ಎಂಬುದು ವಿದ್ವಾಂಸರ ಅಭಿಮತ. ಆ ಪತ್ರ ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಎಂಟುನೂರ ತೊಂಬತ್ತು ವರ್ಷಗಳ ಹಿಂದಿನ ಕರಾವಳಿಯ ಒಬ್ಬ ಸಾಮಾನ್ಯ ಹೆಣ್ಣಿನ ಹೆಸರು ದಿನಾಂಕಸಹಿತ ಉಳಿದಿರುವುದು ಅಲ್ಲಿ. ರಾಣಿಯರ ದಾನಶಾಸನಗಳ ನಡುವೆ ಇಂಥವಳಿಗೆ ನಮ್ಮ ಕಲ್ಲುಗಳಲ್ಲಿ ಜಾಗ ಸಿಗುತ್ತಿರಲಿಲ್ಲ.

ಇನ್ನೊಬ್ಬ, ಅವನ ಆಳು. ಹೀಬ್ರೂ ಬರಹದಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುವುದರಿಂದ ಹೆಸರಿನ ವ್ಯಂಜನಗಳು ಮಾತ್ರ ಕಾಣುತ್ತವೆ: ಬ, ಮ, ಹ. ಗೊಯ್ಟೀನ್ ಅದನ್ನು ‘ಬಾಮಾ’ ಎಂದು ಓದಿದ. ಆ ಆಳಿನ ಜಾಡು ಹಿಡಿದು ಈಜಿಪ್ಟಿನ ಹಳ್ಳಿಗಳಿಂದ ಮಂಗಳೂರಿಗೆ ಬಂದ ಲೇಖಕ ಅಮಿತಾವ್ ಘೋಷ್, ಇಲ್ಲಿನ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದು ‘ಬೊಮ್ಮ’ ಎಂದು ಗುರುತಿಸಿದರು. 1992ರಲ್ಲಿ ಬಂದ ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಈ ಹುಡುಕಾಟದ ಕಥನ. ಬೊಮ್ಮಯ್ಯ, ಬೊಮ್ಮಣ್ಣ, ಬೊಮ್ಮರಸರನ್ನು ಶಾಸನಗಳಲ್ಲೂ ಊರುಗಳಲ್ಲೂ ಕಂಡ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಳುವರ ಬೆರ್ಮೆರೂ ಇದೇ ಬಳಗದವರು.

ಆಳು ಎಂದೊಡನೆ ಸರಪಳಿ, ಚಾವಟಿಗಳ ಚಿತ್ರ ಕಣ್ಣಮುಂದೆ ತಂದುಕೊಳ್ಳಬೇಕಿಲ್ಲ. ಬೊಮ್ಮ ಯಜಮಾನನ ಪ್ರತಿನಿಧಿಯಾಗಿ ಸರಕು ಹೇರಿಕೊಂಡು ಏಡನ್ನಿಗೆ ಹೋಗಿ, ಮಾರಿ, ಬೇಕಾದ್ದನ್ನು ಕೊಂಡು ಬರುತ್ತಿದ್ದ. ಅಂಥ ಒಂದು ಪಯಣದಲ್ಲಿ ಅವನು ಚೆನ್ನಾಗಿ ಕುಡಿದು, ಮದ್ಮೂನ್‌ನ ಕಚೇರಿಗೇ ಹೋಗಿ ಇನ್ನಷ್ಟು ಹಣ ಕೊಡೆಂದು ಹಠ ಹಿಡಿದ. ಮದ್ಮೂನ್ ಕೊಟ್ಟು, ಲೆಕ್ಕವನ್ನು ಬೆನ್ ಯಿಜುವಿಗೆ ಬರೆದು ತಿಳಿಸಿದ. 1135ರಲ್ಲಿ ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ಅಧಿಪತಿಯ ಹಡಗುಗಳು ಏಡನ್ನಿನ ಮೇಲೆ ಬಿದ್ದಾಗ ಬೊಮ್ಮ ಅಲ್ಲೇ ಇದ್ದ. ಬರಬರುತ್ತ ಏಡನ್ನಿನ ಸಾಹುಕಾರರು ಪತ್ರದ ಕೊನೆಯಲ್ಲಿ ಅವನಿಗೂ ನಮಸ್ಕಾರ ತಿಳಿಸತೊಡಗುತ್ತಾರೆ. ಹೆಸರಿನ ಹಿಂದೆ ‘ಶೇಖ್’ ಎಂಬ ಗೌರವವೂ ಸೇರಿಕೊಳ್ಳುತ್ತದೆ.

1148ರಲ್ಲಿ ಸಿಸಿಲಿಯ ದೊರೆ ರೋಜರ್ ಮಹ್ದಿಯಾವನ್ನು ಗೆದ್ದುಕೊಂಡ. ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾದರು. ಮರುವರ್ಷ ಅವನು ಮಂಗಳೂರು ಬಿಟ್ಟ. 1149ರ ಸೆಪ್ಟೆಂಬರಿನಲ್ಲಿ ಏಡನ್ನಿನಿಂದ ಸೋದರರಿಗೆ ಬರೆದ ಪತ್ರದಲ್ಲಿ, ಮಕ್ಕಳೊಂದಿಗೆ, ಸಂಪಾದಿಸಿದ ಹಣದೊಂದಿಗೆ ಕ್ಷೇಮವಾಗಿ ಬಂದಿದ್ದೇನೆ, ನಿಮ್ಮೆಲ್ಲರನ್ನೂ ಸಾಕುವಷ್ಟು ಇದೆ, ಬನ್ನಿ ಎನ್ನುತ್ತಾನೆ. ಬಂದವನು ಒಬ್ಬ ತಮ್ಮ, ಮುಬಶ್ಶಿರ್. ಅಣ್ಣನ ಹಣಕ್ಕೆ ಕೈ ಹಾಕಿ ಮೋಸ ಮಾಡಿದ. ಮಗ ಯೆಮನ್ನಿನಲ್ಲಿ ಸತ್ತ. ಉಳಿದವಳು ಮಗಳು, ಸಿತ್ತ್ ಅಲ್-ದಾರ್. ತಂದೆ ಊರೂರು ಅಲೆಯುತ್ತಿದ್ದಾಗ ಅವಳನ್ನು ಮೂರು ವರ್ಷ ತನ್ನ ಮನೆಯಲ್ಲಿಟ್ಟುಕೊಂಡಿದ್ದ ಏಡನ್ನಿನ ಗೆಳೆಯ ಖಲಫ್ ಇಬ್ನ್ ಇಸ್‌ಹಾಕ್ ತನ್ನ ಮಗನಿಗೆ ಕೇಳಿದ. ಬೆನ್ ಯಿಜು ಒಪ್ಪಲಿಲ್ಲ. ರಕ್ತಸಂಬಂಧವೇ ಆಗಬೇಕು, ಸೋದರನ ಮಗನಿಗೇ ಕೊಡಬೇಕು ಎಂಬ ಹಠ ಅವನದು. 1156ರಲ್ಲಿ ಫುಸ್ತಾತಿನಲ್ಲಿ, ಸಿಸಿಲಿಯಿಂದ ಬಂದ ಸೋದರನ ಮಗ ಸುರೂರ್ ಜೊತೆ ಮದುವೆ ನಡೆಯಿತು. ಮಂಗಳೂರಿನಲ್ಲಿ ಹುಟ್ಟಿದ ಹುಡುಗಿ ತನ್ನೊಂದಿಗೆ 'ಏನೇನು ಒಡವೆ-ವಸ್ತ್ರ ತಂದಳು' ಎಂಬ ಪಟ್ಟಿಯೂ ಗೂಡು ಸೇರಿತು. ಏಡನ್ನಿನ ಗೆಳೆಯರ ಪತ್ರಗಳು, ದಲ್ಲಾಳಿಯ ಜಗಳ, ಮಂಗಳೂರಿನಿಂದ ಹೊತ್ತು ತಂದಿದ್ದ ಚೀಟಿಗಳೆಲ್ಲ ಹಾಗೆಯೇ ಏಣಿ ಹತ್ತಿದವು. ಈ ಪಯಣದ ಕಾಗದಗಳಲ್ಲಿ ಅಶುವಿನ ಸುದ್ದಿ ಎಲ್ಲಿಯೂ ಇಲ್ಲ.

ಬೆನ್ ಎಜ್ರಾದಲ್ಲಿ ಇಂದು ನಿತ್ಯಪ್ರಾರ್ಥನೆ ನಡೆಯುವುದಿಲ್ಲ. 1948, 1956, 1967ರ ಯುದ್ಧಗಳ ನಂತರ ಈಜಿಪ್ಟಿನ ಯೆಹೂದಿಗಳು ಹೊರಹೋಗುತ್ತ ಬಂದು, ಕೈರೋದಲ್ಲೀಗ ಬೆರಳೆಣಿಕೆಯಷ್ಟು ಜನ. ಕಟ್ಟಡವನ್ನು ಸರ್ಕಾರ ದುರಸ್ತಿ ಮಾಡಿಸಿ 2023ರಲ್ಲಿ ಮತ್ತೆ ತೆರೆಯಿತು. ಪ್ರವಾಸಿಗರು ಸಾಲುಗಟ್ಟಿ ಬರುತ್ತಾರೆ, ಮೋಶೆಯ ಬುಟ್ಟಿಯ ಕಥೆ ಕೇಳುತ್ತಾರೆ. ಚದುರಿಹೋದ ಹಾಳೆಗಳ ಛಾಯಾಚಿತ್ರಗಳು ಮಾತ್ರ ಕಂಪ್ಯೂಟರಿನ ಪರದೆಯ ಮೇಲೆ ಪುನಃ ಒಂದೆಡೆ ಸೇರುತ್ತಿವೆ; ಕೇಂಬ್ರಿಜ್‌ನಲ್ಲಿರುವ ಅರ್ಧ ಹಾಳೆಗೆ ನ್ಯೂಯಾರ್ಕಿನಲ್ಲಿರುವ ಇನ್ನರ್ಧ ಜೋಡಿಯಾಗುತ್ತಿದೆ.

ಅಂಥ ಹಾಳೆಗಳಲ್ಲಿ ಒಂದು ಫಿಲಡೆಲ್ಫಿಯಾದಲ್ಲಿದೆ. ಬೆನ್ ಯಿಜು ಈಜಿಪ್ಟಿಗೆ ಬಂದ ಮೇಲೆ, ಬದುಕಿನ ಕೊನೆಯ ವರ್ಷಗಳಲ್ಲಿ, ತನ್ನ ಎಂದಿನ ಅಭ್ಯಾಸದಂತೆ ಕೈಗೆ ಸಿಕ್ಕಿದ ಹಾಳೆಯ ಮೇಲೆ ಗೀಚಿದ ಲೆಕ್ಕ ಅದು. ಯಾರಿಗೆ ಎಷ್ಟು ಬಾಕಿ ಎಂಬ ವಿವರಗಳ ನಡುವೆ ಬೊಮ್ಮನ ಹೆಸರು ಬರುತ್ತದೆ. ಅವನಿಗೆ ಯಜಮಾನ ಕೊಡಬೇಕಾಗಿದ್ದ ಹಣದ ಲೆಕ್ಕ. ಹಾಗಾದರೆ ಮಂಗಳೂರಿನ ಬೊಮ್ಮ ಆ ಮುದುಕನ ಜೊತೆ ಫುಸ್ತಾತಿನವರೆಗೂ ಹೋಗಿದ್ದನೆಂದೇ ಘೋಷ್ ತೀರ್ಮಾನಿಸುತ್ತಾರೆ.